ಬೀಗದ ಕೈ ಯಾರದ್ದು, ಮನೆ ಯಾರದ್ದು?

ಕಳೆದ ವಾರದ ಬೈಬಲ್ ಅಧ್ಯಯನದಲ್ಲಿ ಒಂದು ಪ್ರಶ್ನೆ ಅರ್ಧಕ್ಕೇ ನಿಂತಿತ್ತು. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಒಬ್ಬರಿಗೆ ‘ಆತ್ಮಿಕ ಅಧಿಕಾರ’ ಇದೆ ಅಂದರೆ ಏನರ್ಥ? ಬಾರದೇ ಇದ್ದವರಿಗೂ ಉಪಯೋಗ ಆಗಲಿ ಅಂತ ಬಿಡಿಸಿ ಬರೆಯುತ್ತಿದ್ದೇನೆ. ಬೈಬಲ್ ಪಕ್ಕದಲ್ಲಿಟ್ಟುಕೊಂಡು ಓದಿ.

ಮೊದಲು ಪದ ನೋಡೋಣ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಡುನಾಮಿಸ್ ಅಂದರೆ ಶಕ್ತಿ, ಎಕ್ಸೂಸಿಯಾ ಅಂದರೆ ಅಧಿಕಾರ. ಈ ಎರಡನೆಯದರ ಬೇರಿನಲ್ಲೇ ‘ಅನುಮತಿ ಉಂಟು’ ಎಂಬ ಅರ್ಥ ಇದೆ. ಲೂಕ 9:1ರಲ್ಲಿ ಯೇಸು ಹನ್ನೆರಡು ಮಂದಿ ಶಿಷ್ಯರಿಗೆ ಎರಡನ್ನೂ ಕೊಡುತ್ತಾನೆ. ಅಂದರೆ ಅದು ಕೊಟ್ಟದ್ದು, ಅವರು ದುಡಿದು ಗಳಿಸಿದ್ದಲ್ಲ.

ಈಗ ಮತ್ತಾಯ 8:5-13. ಕಪೆರ್ನೌಮ್ ಊರಿನ ಶತಾಧಿಪತಿಯ (ನೂರು ಸಿಪಾಯಿಗಳ ಮೇಲಿನ ಅಧಿಕಾರಿಯ) ಆಳು ಕಾಯಿಲೆ ಬಿದ್ದಿದ್ದಾನೆ. ಯೇಸು ಮನೆಗೆ ಬರುತ್ತೇನೆ ಅಂದರೆ ಈತ ಬೇಡ ಅನ್ನುತ್ತಾನೆ, ಒಂದು ಮಾತು ಹೇಳಿದರೆ ಸಾಕು ಅನ್ನುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ ನೋಡಿ. ನನ್ನ ಕೈಕೆಳಗೆ ಸಿಪಾಯಿಗಳಿದ್ದಾರೆ ಅಂತ ಶುರುಮಾಡುವುದಿಲ್ಲ, ನಾನೂ ಇನ್ನೊಬ್ಬರ ಅಧಿಕಾರದ ಕೆಳಗೆ ಇರುವವನು ಅಂತ ಶುರುಮಾಡುತ್ತಾನೆ. ಅವನ ಮಾತಿಗೆ ಸಿಪಾಯಿ ಹೋಗುವುದು, ಬರುವುದು ಯಾಕೆ? ಹಿಂದೆ ರೋಮ್ ಇದೆ, ಅದಕ್ಕೆ. ನಾಳೆ ಅವನೇ ಮೇಲಿನವರ ಮಾತು ಮೀರಿದರೆ ಸಿಪಾಯಿಗಳು ಅವನ ಮಾತು ಕೇಳಬೇಕಾಗಿಲ್ಲ. ನಾನು ಈ ಭಾಗವನ್ನು ಎಷ್ಟೋ ಸಲ ಓದಿದ್ದೆ, ‘ಕೆಳಗೆ’ ಎಂಬ ಒಂದು ಪದ ಕಣ್ಣಿಗೆ ಬಿದ್ದದ್ದು ಮೊನ್ನೆ ಮೊನ್ನೆ.

ಇದನ್ನು ನಮ್ಮ ಊರಿನ ಒಂದು ವಿಷಯದ ಜೊತೆ ಇಟ್ಟು ನೋಡಿ. ಬದಿಯಡ್ಕದ ಕಡೆ ಅಡಿಕೆ ತೋಟ ಇದೆ, ಯಜಮಾನರು ಮುಂಬೈಯಲ್ಲಿ, ತೋಟ ನೋಡಿಕೊಳ್ಳುವವರ ಹತ್ತಿರ ಬೀಗದ ಕೈ. ಪಂಪು ಹಾಕುವುದು, ಮಳೆಗಾಲಕ್ಕೆ ಮೊದಲು ಮದ್ದು ಬಿಡಿಸುವುದು, ಕೊಯ್ಲಿಗೆ ಜನ ಕರೆಯುವುದು, ಎಲ್ಲ ಅವರದ್ದೇ. ಕೆಲಸದವರು ಅವರ ಮಾತು ಕೇಳಲೇಬೇಕು. ಆದರೆ ಒಂದು ಮರ ಕಡಿದು ಮಾರಿಕೊಂಡರೆ? ಕೈಯಲ್ಲಿ ಬೀಗದ ಕೈ ಇದ್ದ ಮಾತ್ರಕ್ಕೆ ತೋಟ ಅವರದ್ದಾಗುವುದಿಲ್ಲ, ಅಲ್ವಾ?

ಯೇಸು ತನ್ನ ಶಿಷ್ಯ ಪೇತ್ರನಿಗೆ ಪರಲೋಕರಾಜ್ಯದ ಬೀಗದ ಕೈಗಳನ್ನು ಕೊಡುತ್ತೇನೆ ಅನ್ನುವಾಗ (ಮತ್ತಾಯ 16:19) ಹಿನ್ನೆಲೆಯಲ್ಲಿ ಯೆಶಾಯ 22 ಇದೆ. ಅಲ್ಲಿ ಅರಮನೆಯ ಮೇಲ್ವಿಚಾರಕ ಶೆಬ್ನ ತನಗೋಸ್ಕರ ಎತ್ತರದಲ್ಲಿ ದೊಡ್ಡ ಸಮಾಧಿ ಕೊರೆಸಿಕೊಳ್ಳುತ್ತಾನೆ. ದೇವರು ಅವನನ್ನು ತೆಗೆದುಹಾಕಿ ದಾವೀದನ ಮನೆಯ ಬೀಗದ ಕೈಯನ್ನು ಎಲ್ಯಾಕೀಮನ ಹೆಗಲ ಮೇಲೆ ಇಡುತ್ತಾನೆ. ಇವನು ಜನರಿಗೆ ತಂದೆಯಾಗಿರುವನು ಅಂತಲೂ ಹೇಳುತ್ತಾನೆ. ರಾಜ ಮಾತ್ರ ಇವರಿಬ್ಬರಲ್ಲಿ ಯಾರೂ ಅಲ್ಲ.

ಈ ಬೀಗದ ಕೈ ಈಗ ಯಾರ ಹತ್ತಿರ ಅನ್ನುವುದರಲ್ಲಿ ಸಭೆಗಳು ಬೇರೆ ಬೇರೆ. ಕಥೋಲಿಕರು ಪೇತ್ರನಿಂದ ಪೋಪ್ ಮತ್ತು ಬಿಷಪರ ತನಕ ಬಂದ ಸಾಲನ್ನು ತೋರಿಸುತ್ತಾರೆ, ನಾವು ಪ್ರಾಟೆಸ್ಟಂಟರು ವಾಕ್ಯವನ್ನು, ಅಂದರೆ ಬೈಬಲನ್ನು, ಮೇಲಿಡುತ್ತೇವೆ. ಅದರ ಚರ್ಚೆ ಇನ್ನೊಂದು ದಿನಕ್ಕಿರಲಿ. 590ರಲ್ಲಿ ಪೋಪ್ ಆದ ಮೊದಲನೇ ಗ್ರೆಗೊರಿ ತನ್ನನ್ನು ‘ದೇವರ ಸೇವಕರ ಸೇವಕ’ ಅಂತ ಕರೆದುಕೊಂಡದ್ದು ಎರಡೂ ಕಡೆಯವರು ನೆನಪಿಡಬೇಕಾದ ಮಾತು. ಒಮ್ಮೆ ಪವಿತ್ರ ಗುರುವಾರ ಕಥೋಲಿಕ ಗೆಳೆಯನ ಜೊತೆ ಅವರ ಇಗರ್ಜಿಗೆ ಹೋಗಿದ್ದೆ. ಫಾದರ್ ಮೊಣಕಾಲೂರಿ ಕೂತು ಹನ್ನೆರಡು ಮಂದಿಯ ಕಾಲು ತೊಳೆದರು. ಒಬ್ಬ ಅಜ್ಜ ಹಿಮ್ಮಡಿ ಒಡೆದ ಕಾಲನ್ನು ನಾಚಿಕೆಯಿಂದ ಹಿಂದಕ್ಕೆ ಎಳೆದುಕೊಂಡರು. ಫಾದರ್ ಸುಮ್ನೆ ಆ ಕಾಲನ್ನು ಕೈಯಲ್ಲಿ ಹಿಡಿದು, ಬೆರಳ ಸಂದಿಯ ನೀರನ್ನೂ ಟವೆಲಿನಲ್ಲಿ ಒರೆಸಿದರು. ಯೇಸು ಶಿಷ್ಯರ ಕಾಲು ತೊಳೆಯುವ ಯೋಹಾನ 13 ಓದುವಾಗೆಲ್ಲ ನನಗೆ ಆ ಹಿಮ್ಮಡಿ ನೆನಪಾಗುತ್ತದೆ.

ಇನ್ನು ಮನಸ್ಸಿಗೆ ಬಹಳ ನೋವಾದ ವಿಷಯ. ಒಂದು ಮನೆ ಪ್ರಾರ್ಥನೆಯಲ್ಲಿ ಒಬ್ಬ ಹೆಂಗಸು ಕಾಣಿಕೆ ಹಣದ ಲೆಕ್ಕ ಕೇಳಿದರು. ನಡೆಸುತ್ತಿದ್ದವರು ಕೀರ್ತನೆ 105:15 ತೆಗೆದು, ದೇವರು ಅಭಿಷೇಕಿಸಿದವರನ್ನು ಮುಟ್ಟಬಾರದು ಅಂತ ಬಾಯಿ ಮುಚ್ಚಿಸಿದರು. ಆಮೇಲೆ ಆ ಅಕ್ಕ ಅಲ್ಲಿಗೆ ಬರಲೇ ಇಲ್ಲ. ಆ ಕೀರ್ತನೆಯನ್ನು ಮೂರು ವಚನ ಹಿಂದಿನಿಂದ ಓದಿ. ಅಲ್ಲಿ ‘ಅಭಿಷಿಕ್ತರು’ ಅಂದರೆ ಊರೂರು ಅಲೆಯುತ್ತಿದ್ದ, ಸ್ವಂತ ನೆಲ ಇಲ್ಲದ ಸ್ವಲ್ಪ ಜನ. ಅವರಿಗೋಸ್ಕರ ದೇವರು ರಾಜರನ್ನು ಗದರಿಸುತ್ತಾನೆ. ಬಲ ಇಲ್ಲದವರನ್ನು ಕಾಯುವ ಮಾತು ಅದು. ಅದನ್ನೇ ಬಲ ಇಲ್ಲದವರ ಬಾಯಿ ಮುಚ್ಚಿಸಲು ಬಳಸಿದರೆ ಅದು ತಪ್ಪು, ಸುತ್ತುಬಳಸಿ ಹೇಳುವುದಕ್ಕೆ ಏನೂ ಇಲ್ಲ.

ತನ್ನನ್ನು ಕೊಲ್ಲಲು ಬಂದ ರಾಜ ಸೌಲ ಅಭಿಷಿಕ್ತ ಅಂತ ದಾವೀದ ಅವನ ಮೇಲೆ ಕೈ ಮಾಡಲಿಲ್ಲ, ನಿಜ. ಆದರೆ 1 ಸಮುವೇಲ 24ರಲ್ಲಿ ಗವಿಯಿಂದ ಹೊರಗೆ ಬಂದು, ಸೌಲನ ಬಟ್ಟೆಯಿಂದ ಕತ್ತರಿಸಿದ ಅಂಚನ್ನು ಎತ್ತಿ ತೋರಿಸಿ, ಎಲ್ಲರ ಎದುರು ನ್ಯಾಯ ಕೇಳಿದ. ಮುಂದೆ ದಾವೀದನೇ ರಾಜನಾಗಿ ಪಾಪ ಮಾಡಿದಾಗ ಪ್ರವಾದಿ ನಾತಾನ ಅವನ ಮುಖಕ್ಕೇ ‘ಆ ಮನುಷ್ಯ ನೀನೇ’ ಅಂದ.

ಹಾಗಾದರೆ ಹಿರಿಯರ ಮಾತು ಕೇಳಬೇಡವಾ? ಕೇಳಬೇಕು, ಇಬ್ರಿಯ 13:17 ಅದನ್ನೇ ಹೇಳುತ್ತದೆ. ಆದರೆ ಅದೇ ವಚನ ಅವರೂ ಲೆಕ್ಕ ಒಪ್ಪಿಸಬೇಕಾದವರು ಅನ್ನುತ್ತದೆ. ಅಪೊಸ್ತಲ ಪೌಲ 2 ಕೊರಿಂಥ 13:10ರಲ್ಲಿ ತನಗೆ ಕರ್ತನು ಅಧಿಕಾರ ಕೊಟ್ಟದ್ದು ಕಟ್ಟುವುದಕ್ಕೆ, ಕೆಡವುವುದಕ್ಕಲ್ಲ ಅಂತ ಬರೆಯುತ್ತಾನೆ. ಒಬ್ಬರ ಮಾತಿನಿಂದ ನಾವು ಎದ್ದು ನಿಂತೆವಾ, ಕುಸಿದೆವಾ ಅಂತ ನೋಡಿದರೆ ಎಷ್ಟೋ ಗೊತ್ತಾಗುತ್ತದೆ.

ಮುಂದಿನ ವಾರಕ್ಕೆ ಗಲಾತ್ಯ 2:11-14 ಓದಿಕೊಂಡು ಬನ್ನಿ. ಬೀಗದ ಕೈ ಪಡೆದ ಅದೇ ಪೇತ್ರ ಅಂತಿಯೋಕ್ಯದಲ್ಲಿ ಜನರಿಗೆ ಹೆದರಿ, ಅನ್ಯಜನರ (ಯೆಹೂದ್ಯರಲ್ಲದವರ) ಜೊತೆ ಊಟಕ್ಕೆ ಕೂರುವುದನ್ನು ಬಿಡುತ್ತಾನೆ. ಪೌಲ ಎಲ್ಲರ ಎದುರೇ ಅವನನ್ನು ತಡೆಯುತ್ತಾನೆ. ಅದರ ಜೊತೆಗೆ 2 ಪೇತ್ರ 3:15 ಕೂಡ ನೋಡಿ. ಆ ಪತ್ರದಲ್ಲಿ ಪೌಲನಿಗೆ ಇರುವ ಹೆಸರು ‘ನಮ್ಮ ಪ್ರಿಯ ಸಹೋದರ’.