ಪಕ್ಕದ ಹೊಳೆಗೆ ಹೋಗಬಾರದೇ ಆ ಮೀನು?

ಪ್ರಶ್ನೆ: ಅಲಾಸ್ಕಾದ ಪೆಬಲ್ ಗಣಿಯ ಬಗ್ಗೆ ಇಷ್ಟು ವರ್ಷಗಳಿಂದ ಗಲಾಟೆ ಏಕೆ? ಹಾಳಾಗುವುದು ಒಂದೆರಡು ಹಳ್ಳ ಮಾತ್ರವಂತೆ. ಅಲ್ಲಿ ಹೊಳೆಗಳಿಗೇನು ಬರವೇ? ಸಾಲ್ಮನ್ ಮೀನುಗಳು ಪಕ್ಕದ ಹೊಳೆಗೆ ಹೋಗಿ ಮೊಟ್ಟೆ ಇಡಬಾರದೇ?

ಉತ್ತರ: ಹೋಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಇದೇ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೆ ಎಂಬ ಲೆಕ್ಕ ನನಗೇ ತಪ್ಪಿಹೋಗಿದೆ. ಚುಟುಕಾಗಿ ಹೇಳಿದಾಗಲೆಲ್ಲ ಎರಡು ತಿಂಗಳಿಗೆ ಅದೇ ಪ್ರಶ್ನೆ ಬೇರೊಂದು ಊರಿನಿಂದ ಮರಳಿ ಬರುತ್ತದೆ, ಸಾಲ್ಮನ್‌ಗಿಂತಲೂ ನಿಷ್ಠೆಯಿಂದ. ಈ ಸಲ ಉದ್ದಕ್ಕೇ ಬರೆಯುತ್ತೇನೆ. ದಯವಿಟ್ಟು ಕತ್ತರಿಸಿ ಇಟ್ಟುಕೊಳ್ಳಿ.

ಗಣಿ ಬೇಕು, ಬೇಡ ಎಂಬ ಜಗಳ ನಮಗೇನೂ ಹೊಸದಲ್ಲ. ಉದ್ಯೋಗ, ರಾಜಧನ, ಅಹವಾಲು ಸಭೆ, ಪರಿಸರ ವರದಿ, ಕೋರ್ಟು: ಯಾವ ಹಂತದಲ್ಲಿ ಯಾರು ಏನು ಹೇಳುತ್ತಾರೆ ಎಂಬುದು ನಿಮಗೆ ಬಾಯಿಪಾಠ. ಅದನ್ನು ಬಿಟ್ಟು ಸ್ಥಳ ಪರಿಚಯಕ್ಕೆ ಬರುತ್ತೇನೆ. ಅಲಾಸ್ಕಾದ ನೈಋತ್ಯಕ್ಕೆ ಬ್ರಿಸ್ಟಲ್ ಕೊಲ್ಲಿ ಇದೆ. ಸಾಕೈ ಎಂಬ ಜಾತಿಯ ಸಾಲ್ಮನ್‌ನಲ್ಲಿ ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಇಲ್ಲಿಯದು. 2022ರಲ್ಲಿ ಸುಮಾರು 7.9 ಕೋಟಿ ಮೀನು ಮೊಟ್ಟೆ ಇಡಲು ಸಮುದ್ರದಿಂದ ಮರಳಿ ಬಂದು ದಾಖಲೆಯಾಯಿತು. ಅದರಲ್ಲಿ ಆರು ಕೋಟಿಯಷ್ಟು ಬಲೆಗೆ ಬಿತ್ತು. ಕೊಲ್ಲಿಗೆ ಬಂದು ಸೇರುವ ದೊಡ್ಡ ನದಿಗಳಲ್ಲಿ ಎರಡು ಕ್ವಿಚಾಕ್ ಮತ್ತು ನುಶಗಾಕ್. ಪೆಬಲ್ ಎಂಬ ತಾಮ್ರ-ಚಿನ್ನದ ನಿಕ್ಷೇಪ ಇರುವುದು ಸರಿಯಾಗಿ ಇವೆರಡರ ಉಗಮಗಳ ನಡುವಿನ ದಿಣ್ಣೆಯಲ್ಲಿ. ದಿಣ್ಣೆಯ ಒಂದು ಮಗ್ಗುಲಿನ ನೀರು ಅಪ್ಪರ್ ಟಲಾರಿಕ್ ಎಂಬ ಹಳ್ಳವಾಗಿ ಇಲಿಯಮ್ನಾ ಸರೋವರಕ್ಕಿಳಿದು ಕ್ವಿಚಾಕ್ ಆಗುತ್ತದೆ. ಇನ್ನೊಂದು ಮಗ್ಗುಲಿನದು ಕಾಕ್ಟುಲಿ ಹೊಳೆಯ ಎರಡು ಕವಲುಗಳಲ್ಲಿ ನುಶಗಾಕ್ ಕಡೆಗೆ ಹೋಗುತ್ತದೆ. ಗಂಗಾಮೂಲದಲ್ಲಿ ಹುಟ್ಟಿ ತುಂಗೆ, ಭದ್ರೆ, ನೇತ್ರಾವತಿ ತಮ್ಮ ತಮ್ಮ ದಾರಿ ಹಿಡಿಯುವುದನ್ನು ನೆನೆದರೆ ನಿಮಗೆ ನಕ್ಷೆಯೇ ಬೇಡ.

ನಿಕ್ಷೇಪ ಪತ್ತೆಯಾದದ್ದು 1980ರ ದಶಕದ ಕೊನೆಗೆ. 2001ರಿಂದ ಅದರ ಹಿಂದೆ ಬಿದ್ದಿರುವುದು ಕೆನಡಾದ ನಾರ್ದರ್ನ್ ಡೈನಸ್ಟಿ ಮಿನರಲ್ಸ್. ಜೊತೆಗೂಡಿದ್ದ ಆಂಗ್ಲೋ ಅಮೆರಿಕನ್ 2013ರಲ್ಲಿ ಕೈತೊಳೆದುಕೊಂಡಿತು. ರಿಯೊ ಟಿಂಟೊ 2014ರಲ್ಲಿ ತನ್ನ ಷೇರುಗಳನ್ನು ಅಲಾಸ್ಕಾದ ಎರಡು ದತ್ತಿ ಸಂಸ್ಥೆಗಳಿಗೆ ದಾನ ಮಾಡಿ ಹೊರಟುಹೋಯಿತು. 2020ರ ನವೆಂಬರ್‌ನಲ್ಲಿ ಅಮೆರಿಕದ ಸೇನಾ ಎಂಜಿನಿಯರುಗಳ ದಳ ಪರವಾನಗಿ ನಿರಾಕರಿಸಿತು. 2023ರ ಜನವರಿಯಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಶುದ್ಧ ನೀರಿನ ಕಾಯ್ದೆಯಡಿ, ಈ ಗಣಿಯ ಕಲ್ಲುಮಣ್ಣನ್ನು ಆ ನೀರಿಗೆ ಹಾಕುವಂತಿಲ್ಲ ಎಂದು ಬಾಗಿಲು ಹಾಕಿತು. 2024ರಲ್ಲಿ ಕಂಪನಿಯೂ ಅಲಾಸ್ಕಾ ರಾಜ್ಯವೂ ಆ ಬಾಗಿಲು ಬಡಿಯಲು ನ್ಯಾಯಾಲಯಕ್ಕೆ ಹೋದವು. ಇದು ಎಡ-ಬಲದ ಜಗಳ ಎಂದು ಕೆಲವರು ಬರೆಯುತ್ತಾರೆ, ಹಾಗೂ ಅಲ್ಲ. 2020ರ ಆಗಸ್ಟ್‌ನಲ್ಲಿ ಗಣಿ ಬೇಡ ಎಂದವರಲ್ಲಿ ಅಂದಿನ ಅಧ್ಯಕ್ಷ ಟ್ರಂಪ್ ಅವರ ಮಗನೂ ಇದ್ದರು. ಅತ್ತ ಸ್ಥಳೀಯರೆಲ್ಲ ಒಂದೇ ಕಡೆ ಇದ್ದಾರೆಂದೂ ಅಲ್ಲ: ಯೂಪಿಕ್, ಡೆನೈನಾ, ಅಲೂಟಿಕ್ ಜನರ ಬುಡಕಟ್ಟು ಸಂಸ್ಥೆಗಳಲ್ಲಿ ಹೆಚ್ಚಿನವು ವಿರೋಧಿಸಿದರೆ, ಸರೋವರದ ಬಳಿಯ ಕೆಲವು ಮೂಲನಿವಾಸಿ ಕಂಪನಿಗಳು ಗಣಿಯ ಜೊತೆ ಒಪ್ಪಂದ ಮಾಡಿಕೊಂಡವು.

ಈಗ ಮೀನಿಗೆ ಬರೋಣ.

‘ಪಕ್ಕದ ಹೊಳೆ’ಯ ಪ್ರಶ್ನೆ ಎಲ್ಲಿ ಹುಟ್ಟುತ್ತದೆ ಎಂಬುದು ನನಗೆ ಗೊತ್ತು. ಶೃಂಗೇರಿಯ ಮೆಟ್ಟಿಲ ಮೇಲೆ ನಿಂತು ನೀವೂ ನಾನೂ ಮಂಡಕ್ಕಿ ಎಸೆದಿದ್ದೇವೆ. ಈ ಮೆಟ್ಟಿಲಲ್ಲಿ ಎಸೆದರೆ ಮೀನು ಇಲ್ಲಿಗೆ, ಆ ಮೆಟ್ಟಿಲಲ್ಲಿ ಎಸೆದರೆ ಅಲ್ಲಿಗೆ. ಮಲೆನಾಡಿನವರ ಕಾಗದವಾದರೆ ಹತ್ತುಮೀನಿನ ಉದಾಹರಣೆ ಇದ್ದೇ ಇರುತ್ತದೆ: ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಸನೀರು ಯಾವ ತೋಡಿನಲ್ಲಿ ಇಳಿದರೂ ಸರಿ, ಮೀನು ಅದನ್ನು ಹತ್ತಿ ಗದ್ದೆಗೇ ಬಂದುಬಿಡುತ್ತದೆ. ಈ ತೋಡು ಮುಚ್ಚಿದರೆ ಆ ತೋಡು. ಮೀನೆಂದರೆ ಹೀಗೆಯೇ ಎಂದು ನಾವು ಬಾಲ್ಯದಿಂದ ಕಂಡಿದ್ದೇವೆ. ತಪ್ಪು ನಿಮ್ಮದಲ್ಲ, ಉದಾಹರಣೆಯದು.

ಸಾಕೈ ಬೇರೆ ಜಾತಿಯ ಮನುಷ್ಯ. ಹೆಣ್ಣು ಮೀನು ಹಳ್ಳದ ತಳದ ಗರಸನ್ನು ಬಾಲದಿಂದ ಬಡಿದು ಬಡಿದು ಗುಂಡಿ ತೋಡಿ ಮೂರು ನಾಲ್ಕು ಸಾವಿರ ಮೊಟ್ಟೆ ಇಡುತ್ತದೆ. ಎಲ್ಲೆಂದರಲ್ಲಿ ಅಲ್ಲ; ಹಲವೆಡೆ ಅದು ಆರಿಸುವುದು ತಳದಿಂದ ಒರತೆ ಜಿನುಗುವ ಜಾಗವನ್ನು. ಚಳಿಗಾಲದಲ್ಲಿ ಮೇಲೆ ಹಿಮ ಕಟ್ಟಿದರೂ ಒರತೆಯ ನೀರು ಮೊಟ್ಟೆಯನ್ನು ಹೆಪ್ಪುಗಟ್ಟದಂತೆ ಕಾಯುತ್ತದೆ. ಹೊರಬಂದ ಮರಿ ಒಂದೆರಡು ವರ್ಷ ಸರೋವರದಲ್ಲಿ ಬೆಳೆದು ಸಮುದ್ರಕ್ಕೆ ಹೋಗುತ್ತದೆ. ಎರಡು ಮೂರು ವರ್ಷದ ನಂತರ ಎರಡೂವರೆ ಕಿಲೋ ತೂಗುವ ಬೆಳ್ಳಿಬಣ್ಣದ ಮೀನಾಗಿ ತಿರುಗಿ ಬರುತ್ತದೆ. ಸಿಹಿನೀರಿಗೆ ಬಂದ ಮೇಲೆ ಮೈ ಕುಂಕುಮದಂತೆ ಕೆಂಪಾಗುತ್ತದೆ, ತಲೆ ಹಸಿರಾಗುತ್ತದೆ, ಗಂಡಿಗೆ ಡುಬ್ಬ ಏಳುತ್ತದೆ. ತಾನು ಹುಟ್ಟಿದ ಹಳ್ಳವನ್ನೇ ಹುಡುಕಿ ಹೋಗಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ.

ಹಳ್ಳವನ್ನು ಹುಡುಕುವುದು ವಾಸನೆಯಿಂದ. ಪ್ರತಿ ಹಳ್ಳಕ್ಕೂ ಅದರ ಕಲ್ಲು, ಮಣ್ಣು, ಪಾಚಿ, ಗಿಡಗಳು ಕೊಟ್ಟ ಒಂದು ವಾಸನೆ ಇದೆ. ಸಮುದ್ರಕ್ಕೆ ಹೊರಡುವ ಮುನ್ನ ಮರಿ ಅದನ್ನು ಕಲಿತಿಟ್ಟುಕೊಂಡಿರುತ್ತದೆ. ಇದನ್ನು ವಿಜ್ಞಾನಿಗಳು 1950ರ ದಶಕದಿಂದ ಪರೀಕ್ಷಿಸುತ್ತ ಬಂದಿದ್ದಾರೆ. ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇದನ್ನು ಕರಿಹಲಗೆ ತುಂಬ ಬರೆದು ವಿವರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಅಂದರೆ ಸಾರ್, ಅದರ ಮೂಗಿನಲ್ಲೇ ವಿಳಾಸ ಇದೆ” ಎಂದ. ಅದಕ್ಕಿಂತ ಚೆನ್ನಾಗಿ ನನಗೆ ಇಂದಿಗೂ ಹೇಳಲು ಬಂದಿಲ್ಲ. ಇನ್ನು ತಾಮ್ರದ ಗಣಿಗೂ ಈ ಮೂಗಿಗೂ ಇರುವ ಸಂಬಂಧ ನೋಡಿ: ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೊಗ್ರಾಂ ತಾಮ್ರ ಕರಗಿದ್ದರೂ ಸಾಲ್ಮನ್ ಮರಿಯ ವಾಸನೆ ಹಿಡಿಯುವ ಶಕ್ತಿ ಕುಂದುತ್ತದೆ ಎಂದು ಕೋಹೊ ಸಾಲ್ಮನ್ ಮೇಲಿನ ಪ್ರಯೋಗಗಳು ತೋರಿಸಿವೆ. ಮೀನು ಸಾಯಬೇಕಿಲ್ಲ, ತೇಲಬೇಕಿಲ್ಲ, ಪತ್ರಿಕೆಯಲ್ಲಿ ಫೋಟೊ ಬರಬೇಕಿಲ್ಲ.

ಸರಿ, ವಿಳಾಸ ಮರೆತು ಪಕ್ಕದ ಹೊಳೆಗೇ ಹೋಯಿತು ಎಂದುಕೊಳ್ಳಿ. ಅಲ್ಲಿ ಏನಾಗುತ್ತದೆ? ಅಲ್ಲಿ ಆಗಲೇ ಬೇರೆ ಮೀನು ಇದೆ, ಆ ಹೊಳೆಗೆ ಹೇಳಿ ಮಾಡಿಸಿದಂಥ ಮೀನು. ಇಲಿಯಮ್ನಾದ ದ್ವೀಪಗಳ ದಡದಲ್ಲಿ ಮೊಟ್ಟೆ ಇಡುವ ಸಾಕೈಗೆ ಮೈ ಎತ್ತರ, ಡುಬ್ಬ ದೊಡ್ಡದು. ನೀರು ಆಳವಿರುವುದರಿಂದ ಅಡ್ಡಿಯಿಲ್ಲ. ಬೆನ್ನು ಮುಳುಗದಷ್ಟು ತೆಳುವಾದ ಹಳ್ಳಗಳಲ್ಲಿ ಮೊಟ್ಟೆ ಇಡುವ ಮೀನಿಗೆ ಮೈ ಸಪೂರ. ಡುಬ್ಬದ ಗಂಡು ಆ ಹಳ್ಳಕ್ಕೆ ಬಂದರೆ ಅರ್ಧ ಮೈ ನೀರಿನ ಮೇಲೆ. ಕರಡಿಗೆ ತಟ್ಟೆಯಲ್ಲಿ ಬಡಿಸಿದ ಹಾಗೆ. ಸಮಯವೂ ಬೇರೆ: ಹಳ್ಳದವು ಬೇಸಿಗೆಯಲ್ಲೇ ಮುಗಿಸಿದರೆ ದಡದವು ತಡವಾಗಿ ಶುರುಮಾಡುತ್ತವೆ. ಎಲ್ಲಕ್ಕೂ ಹೆಸರು ಸಾಕೈ ಎಂದೇ, ಆದರೆ ಬ್ರಿಸ್ಟಲ್ ಕೊಲ್ಲಿಯಲ್ಲಿ ಹೀಗೆ ನೂರಾರು ಬೇರೆ ಬೇರೆ ಸಮುದಾಯಗಳಿವೆ.

ದಾರಿ ತಪ್ಪುವ ಮೀನು ಇಲ್ಲವೇ ಇಲ್ಲ ಎಂದು ನಾನು ಹೇಳಿದರೆ ಸುಳ್ಳಾಗುತ್ತದೆ. ಇವೆ. ಅಲಾಸ್ಕಾದಲ್ಲೇ ಗ್ಲೇಸಿಯರ್ ಬೇ ಎಂಬಲ್ಲಿ ಹಿಮನದಿಗಳು ಹಿಂದೆ ಸರಿದು ಹೊಸ ಹೊಳೆಗಳು ತೆರೆದುಕೊಂಡಾಗ ದಾರಿ ತಪ್ಪಿದ ಸಾಲ್ಮನ್‌ಗಳೇ ಅಲ್ಲಿ ನೆಲೆಸಿದವು. ಅದಕ್ಕೆ ಹಿಡಿದದ್ದು ದಶಕಗಳು, ಮತ್ತು ಅವು ಖಾಲಿ ಹೊಳೆಗಳು. ಈ ಉದಾಹರಣೆ ಹಿಡಿದು ನನಗೆ ಮತ್ತೆ ಬರೆಯಬೇಡಿ.

ಇನ್ನು ಲೆಕ್ಕದ ಮಾತು. ಕಂಪನಿಯ 20 ವರ್ಷದ ಯೋಜನೆಯಿಂದ ಶಾಶ್ವತವಾಗಿ ಇಲ್ಲವಾಗುತ್ತಿದ್ದುದು ಸಾಲ್ಮನ್ ಇದೆಯೆಂದು ದಾಖಲಾಗಿರುವ ಸುಮಾರು 13.7 ಕಿ.ಮೀ. ಹೊಳೆ, ಅದಕ್ಕೆ ನೀರುಣಿಸುವ ಇನ್ನೂ ಸುಮಾರು 147 ಕಿ.ಮೀ. ತೊರೆಗಳು, 2,100 ಎಕರೆಯಷ್ಟು ಜೌಗು ಎಂದು ಪರಿಸರ ಸಂಸ್ಥೆ 2023ರಲ್ಲಿ ಲೆಕ್ಕ ಕೊಟ್ಟಿತು. ಗಣಿಯ ಪರ ಇರುವವರು ಮೊದಲನೆಯ ಅಂಕಿಯನ್ನಷ್ಟೇ ಎತ್ತಿಕೊಂಡು, ಇಡೀ ಬ್ರಿಸ್ಟಲ್ ಕೊಲ್ಲಿಯ ಹೊಳೆಗಳಿಂದ ಭಾಗಿಸಿ, ಸೊನ್ನೆ ಬಿಂದು ಸೊನ್ನೆ ಎಂದು ತೋರಿಸುತ್ತಾರೆ. ಅವರ ಕೈಯಲ್ಲಿ ಒಂದು ಗಟ್ಟಿ ಕಾಗದವೂ ಇದೆ, ಮುಚ್ಚಿಡುವುದು ನ್ಯಾಯವಲ್ಲ: 2020ರ ಜುಲೈನಲ್ಲಿ ಸೇನಾ ಎಂಜಿನಿಯರುಗಳ ದಳವೇ ತನ್ನ ಅಂತಿಮ ಪರಿಸರ ವರದಿಯಲ್ಲಿ, ಎಲ್ಲವೂ ಸರಿಯಾಗಿ ನಡೆದರೆ ಮೀನಿನ ಸಂಖ್ಯೆಯಲ್ಲಿ ಅಳೆಯುವಂಥ ವ್ಯತ್ಯಾಸ ಬರಲಾರದು ಎಂದಿತ್ತು. ನಾಲ್ಕು ತಿಂಗಳ ಮೇಲೆ ಅದೇ ದಳ, ಈ ಯೋಜನೆ ಸಾರ್ವಜನಿಕ ಹಿತಕ್ಕೆ ವಿರುದ್ಧ ಎಂದು ಅರ್ಜಿ ತಿರಸ್ಕರಿಸಿತು.

ಭಾಗಾಕಾರದಲ್ಲಿ ತಪ್ಪಿಲ್ಲ. ಮೀನನ್ನು ಗೋದಾಮಿನ ಅಕ್ಕಿಯಂತೆ ಎಣಿಸಿದ್ದು ತಪ್ಪು. ಅಡಿಕೆ ತೋಟದವರಿಗೆ ಇದು ಬೇಗ ತಿಳಿಯುತ್ತದೆ. ಕೊಳೆ ರೋಗ ಬಂದು ಅಡಿಕೆ ಉದುರಿದ ವರ್ಷ ಮನೆ ನಡೆಸುವುದು ಅದೇ ಮರಕ್ಕೆ ಹಬ್ಬಿದ ಮೆಣಸು; ಮೆಣಸಿಗೆ ಸೊರಗು ರೋಗ ಬಡಿದಾಗ ಬಾಳೆಯೋ ಏಲಕ್ಕಿಯೋ. ಮೆಣಸು ಆದಾಯದ ಹತ್ತನೇ ಒಂದು ಭಾಗ ಮಾತ್ರ, ಬಳ್ಳಿ ಕಡಿದುಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅಜ್ಜಿ ಏನನ್ನುತ್ತಿದ್ದಳು? ಬ್ರಿಸ್ಟಲ್ ಕೊಲ್ಲಿ ನಡೆಯುವುದೂ ಹಾಗೆಯೇ. ಹಿಂದೊಮ್ಮೆ ಕ್ವಿಚಾಕ್ ಎಲ್ಲಕ್ಕೂ ದೊಡ್ಡದು. 1990ರ ದಶಕದಲ್ಲಿ ಅದು ಸೊರಗಿದಾಗ, ಅಲ್ಲಿಯವರೆಗೆ ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಎಗೆಗಿಕ್ ಹೊಳೆ ಬಲೆಗಳನ್ನು ತುಂಬಿಸಿತು. ಈಚಿನ ವರ್ಷಗಳಲ್ಲಿ ಸರದಿ ನುಶಗಾಕ್‌ನದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಐದು ದಶಕಗಳ ಅಂಕಿಅಂಶ ಜಾಲಾಡಿ 2010ರಲ್ಲಿ ಹೇಳಿದ್ದು ಇದನ್ನೇ: ಈ ನೂರಾರು ಸಮುದಾಯಗಳ ಬದಲು ಒಂದೇ ಬಗೆಯ ಮೀನು ಇದ್ದಿದ್ದರೆ ವರ್ಷದಿಂದ ವರ್ಷಕ್ಕೆ ಏರಿಳಿತ ಎರಡು ಪಟ್ಟಿಗೂ ಹೆಚ್ಚು, ಮೀನುಗಾರಿಕೆ ಮುಚ್ಚಬೇಕಾದ ವರ್ಷಗಳು ಹತ್ತು ಪಟ್ಟು. ಇಂದು ಬಡಕಲಾಗಿ ಕಾಣುವ ಹಳ್ಳ ಮುಂದೆ ಯಾವಾಗ ಮನೆ ನಡೆಸುತ್ತದೆ ಎಂದು ಇಂದಿನ ಭಾಗಾಕಾರ ಹೇಳುವುದಿಲ್ಲ.

ಇನ್ನೊಂದು ವಿಷಯ, ನನಗೆ ಬಹಳ ಇಷ್ಟವಾದದ್ದು. ಕಾಕ್ಟುಲಿಯ ದಕ್ಷಿಣ ಕವಲಿನ ಒಂದಷ್ಟು ನೀರು ಗರಸಿನಡಿ ಇಂಗಿ, ದಿಣ್ಣೆಯನ್ನು ನೆಲದೊಳಗಿಂದಲೇ ದಾಟಿ, ಆಚೆ ಬದಿಯಲ್ಲಿ ಅಪ್ಪರ್ ಟಲಾರಿಕ್‌ಗೆ ಒರತೆಯಾಗಿ ಏಳುತ್ತದೆ. ಅಂದರೆ ನುಶಗಾಕ್‌ಗೆ ಸೇರಬೇಕಾದ ನೀರು ಕ್ವಿಚಾಕ್ ಸೇರುತ್ತದೆ. ನೆಲದ ಮೇಲೆ ಎರಡು ಹೊಳೆ, ನೆಲದ ಕೆಳಗೆ ಒಂದೇ ನೀರು. ಅಂಥ ಜಾಗದಲ್ಲಿ ಆಳದ ಗುಂಡಿ ತೋಡಿ ಒಳಬರುವ ನೀರನ್ನೆಲ್ಲ ಪಂಪಿನಿಂದ ಎತ್ತುತ್ತಿರಬೇಕಾಗುತ್ತದೆ. ‘ಪಕ್ಕದ ಹೊಳೆ’ ಎಂದು ನೀವು ಬೆರಳು ತೋರಿಸುತ್ತಿರುವುದು ಯಾವ ಹೊಳೆಗೆ?

ಇಲ್ಲಿಗೆ ಪ್ರಶ್ನೆ ಮುಗಿಯಿತು. ಆದರೆ ಇಷ್ಟು ಕಾಗದಗಳಲ್ಲಿ ಒಬ್ಬರೂ ಕೇಳದ ಇನ್ನೊಂದು ಪ್ರಶ್ನೆ ಇದೆ: 20 ವರ್ಷ ಆದ ಮೇಲೆ ಏನು?

ಪೆಬಲ್‌ನ ಬಂಡೆಯಲ್ಲಿ ಟನ್ನಿಗೆ ಸುಮಾರು 4 ಕಿಲೋ ತಾಮ್ರ, ಒಂದು ಗ್ರಾಮಿನ ಮೂರನೇ ಒಂದು ಭಾಗದಷ್ಟು ಚಿನ್ನ. ಉಳಿದ 990 ಚಿಲ್ಲರೆ ಕಿಲೋ ಹಿಟ್ಟಾಗಿ, ಕೆಸರಾಗಿ ಅಲ್ಲೇ ಉಳಿಯುತ್ತದೆ. ಅದರಲ್ಲಿ ಗಂಧಕವಿರುವ ಪೈರೈಟ್ ಇದೆ; ಗಾಳಿ, ನೀರು ಎರಡೂ ತಾಗಿದರೆ ಆಮ್ಲವಾಗುತ್ತದೆ, ಆಮ್ಲ ಲೋಹವನ್ನು ಕರಗಿಸಿ ಹೊರತರುತ್ತದೆ. ಹಾಗಾಗಿ ಕಂಪನಿಯ ಯೋಜನೆಯಲ್ಲೇ, ಗಣಿ ಮುಗಿದ ಮೇಲೆ ಪೈರೈಟಿನ ಕೆಸರನ್ನು ಗುಂಡಿಗೆ ತುಂಬಿ ನೀರಿನಡಿ ಮುಳುಗಿಸಿಡುವುದು, ಆ ನೀರಿನ ಮಟ್ಟ ಏರದಂತೆ ಸದಾ ಎತ್ತಿ, ಶುದ್ಧಮಾಡಿ ಬಿಡುತ್ತಿರುವುದು ಎಂದಿತ್ತು. ಸದಾ ಎಂದರೆ ಕೊನೆಯ ದಿನಾಂಕವಿಲ್ಲ. ಗಣಿಯ ಆಯಸ್ಸು ಸಾಕೈನ ನಾಲ್ಕೈದು ತಲೆಮಾರು. ಪಂಪಿನ ಆಯಸ್ಸಿಗೆ ಲೆಕ್ಕವೇ ಇಲ್ಲ. ಇಂಥ ಕೆಸರನ್ನು ತಡೆದು ನಿಲ್ಲಿಸುವ ಕಟ್ಟೆ ಒಡೆದರೆ ಹೇಗಿರುತ್ತದೆಂದು ನೋಡಲು ದೂರ ಹೋಗಬೇಕಿಲ್ಲ, ನೆರೆಯ ಬ್ರಿಟಿಷ್ ಕೊಲಂಬಿಯಾದ ಮೌಂಟ್ ಪಾಲಿ ಗಣಿಯ ಕಟ್ಟೆ 2014ರ ಆಗಸ್ಟ್ 4ರಂದು ಒಡೆದು ಎರಡು ಕೋಟಿ ಘನ ಮೀಟರಿಗೂ ಹೆಚ್ಚು ಕೆಸರುನೀರು ಕ್ವೆನೆಲ್ ಸರೋವರದ ಕಡೆ ನುಗ್ಗಿತು. ಅದೂ ಸಾಕೈ ಬರುವ ಸರೋವರವೇ.

ನಮ್ಮಲ್ಲೂ ಒಂದು ಕಟ್ಟೆ ಇದೆ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತಿತು. ಅದು ಕಬ್ಬಿಣದ ಅದಿರು, ಪೆಬಲ್‌ನಂತೆ ಆಮ್ಲದ ಭಯ ಅಲ್ಲಿಲ್ಲ; ಹೂಳಿನದೇ ಚಿಂತೆ. ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ ಸುಮಾರು 100 ಮೀಟರ್ ಎತ್ತರದ ಕಟ್ಟೆಯ ಹಿಂದೆ ಗಣಿಯ ಅಷ್ಟೂ ವರ್ಷಗಳ ಹೂಳು ಕೂತಿದೆ. ಕೆಲಸಗಾರರ ಮನೆಗಳು ಖಾಲಿಯಾದವು, ಶಾಲೆಯ ಮಕ್ಕಳು ಬೇರೆ ಊರಿಗೆ ಹೋದರು. ಜೂನ್ ಬಂದರೆ ಮಳೆ ಮಾತ್ರ ಎಂದಿನಂತೆ ಆ ಕಟ್ಟೆಯ ಮೇಲೂ ಹೊಯ್ಯುತ್ತದೆ, ಕೆಳಗೆ ಗದ್ದೆಗಳಲ್ಲಿ ಮೀನು ಹತ್ತುತ್ತದೆ.