ರಾಮಪತ್ರೆಯ ಬೀಜ ಕಾಯುವುದಿಲ್ಲ

ಬೇಸಿಗೆ ಮುಗಿಯುತ್ತ ಬಂದಾಗ ಉಡುಪಿ ಸೀಮೆಯ ನಮ್ಮ ನಾಗಬನದ, ಅಂದರೆ ನಾಗನಿಗೆಂದು ಬಿಟ್ಟ ಕಾಡಿನ ತುಣುಕಿನ, ತರಗೆಲೆಯ ಮೇಲೆ ಜಾಯಿಕಾಯಿಯ ಕಾಡುಬಂಧುವಾದ ರಾಮಪತ್ರೆ ಮರದ ಕಾಯಿಗಳು ಬಾಯ್ಬಿಟ್ಟು ಬಿದ್ದಿರುತ್ತವೆ. ದಪ್ಪ ಸಿಪ್ಪೆಯ ಎರಡು ಹೋಳುಗಳ ನಡುವೆ, ಬೀಜವನ್ನು ಬೆರಳುಗಳಂತೆ ಅಪ್ಪಿಕೊಂಡ ಕೆಂಪು ಪತ್ರೆ ಕಾಣಿಸುತ್ತದೆ. ಈ ಪತ್ರೆಯ ಆಸೆಗೆ ಮಂಗಟ್ಟೆ ಹಕ್ಕಿ ಬೀಜವನ್ನು ನುಂಗಿ, ದೂರದಲ್ಲಿ ಕಕ್ಕಿ ಬಿತ್ತುತ್ತದೆ. ಅದೇ ಆಸೆಗೆ ಮನುಷ್ಯರು ಕಾಯಿ ಬಲಿಯುವ ಮೊದಲೇ ಕೊಂಬೆ ಕಡಿಯುತ್ತಾರೆ. ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲಿಗೆ ಸೀಮಿತವಾದ ಈ ಮರ ಈಗ ಅಪಾಯಕ್ಕೆ ಸಿಲುಕಿದ ಪ್ರಭೇದಗಳ ಸಾಲಿನಲ್ಲಿದೆ.

1992ರ ಜೀವವೈವಿಧ್ಯ ಒಪ್ಪಂದವು ಜೀವಿಯನ್ನು ಅದರ ನೆಲೆಯಲ್ಲೇ ಉಳಿಸುವುದನ್ನು ಮುಖ್ಯವೆಂದೂ, ನೆಲೆಯ ಹೊರಗೆ ಕಾಪಾಡುವುದನ್ನು ಅದಕ್ಕೆ ಪೂರಕವೆಂದೂ ಹೇಳುತ್ತದೆ. ಈ ಕ್ರಮ ಏಕೆಂಬುದಕ್ಕೆ ರಾಮಪತ್ರೆಯೇ ಉತ್ತರ. ಭತ್ತದ ಬೀಜವನ್ನು ಚೆನ್ನಾಗಿ ಒಣಗಿಸಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಶೀತದಲ್ಲಿಟ್ಟರೆ ದಶಕಗಳ ಕಾಲ ಜೀವ ಹಿಡಿದಿರುತ್ತದೆ. ರಾಮಪತ್ರೆ, ಧೂಪದಂತಹ ಮಳೆಕಾಡಿನ ಮರಗಳ ಬೀಜಗಳಾದರೋ ಹಸಿಯಾಗಿಯೇ ಉದುರುತ್ತವೆ. ಒಣಗಿಸಿದರೆ ಜೀವಕೋಶದ ಪೊರೆ ಹರಿಯುತ್ತದೆ, ಹೆಪ್ಪುಗಟ್ಟಿಸಿದರೆ ಒಳಗಿನ ನೀರು ಮಂಜುಗಡ್ಡೆಯಾಗಿ ಕೋಶವನ್ನು ಸೀಳುತ್ತದೆ. ಇವುಗಳಿಗೆ ಸಾಮಾನ್ಯ ಬೀಜ ಭಂಡಾರ ಪ್ರಯೋಜನಕ್ಕೆ ಬಾರದು, ನಿಂತ ಮರವೇ ಭಂಡಾರ.

ನೆಲೆಯ ಹೊರಗಿನ ದುಡಿಮೆಯನ್ನು ನಾನು ಕಡೆಗಣಿಸುತ್ತಿಲ್ಲ. ಮಂಗಳೂರಿನ ಪಿಲಿಕುಳ ಮೃಗಾಲಯದಲ್ಲಿ ಕಾಳಿಂಗ ಸರ್ಪದ ಮೊಟ್ಟೆಗಳು ಮರಿಯಾದದ್ದು ಸಣ್ಣ ಸಾಧನೆಯಲ್ಲ. ಆದರೆ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟುವ, ಮುಖ್ಯವಾಗಿ ಬೇರೆ ಹಾವುಗಳನ್ನೇ ತಿಂದು ಬದುಕುವ ಆ ಹಾವಿಗೆ ಹೊರಗೆ ಕಾಡು ಉಳಿದಿರಬೇಕಲ್ಲ! ಹಾಗೆಯೇ, ಬನದ ಮರ ಕಡಿದು ನೆಲಕ್ಕೆ ಕಾಂಕ್ರೀಟು ಹಾಸಿ ನಾಗನಿಗೆ ಗುಡಿ ಕಟ್ಟುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಲ್ಲಿ ಬೀಜ ಬೀಳಲು ಮಣ್ಣೇ ಇರುವುದಿಲ್ಲ.

ಬನಕ್ಕೆ ಸಸಿ ಮರಳಿಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಒಂದೇ ಮರದಡಿಯ ಬೀಜಗಳನ್ನು ಆರಿಸಿದರೆ ನೂರು ಸಸಿಗಳೂ ಒಂದೇ ತಾಯಿಯ ಮಕ್ಕಳಾಗುತ್ತವೆ, ತಳಿವೈವಿಧ್ಯ ಕುಗ್ಗುತ್ತದೆ. ಇನ್ನೊಂದು, ರಾಮಪತ್ರೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಸಸಿಯ ಎಲೆ ನೋಡಿ ಯಾವುದೆಂದು ಹೇಳಲಾಗದು, ಹೂ ಬಿಡುವ ತನಕ ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ಒಂದೇ ಸಸಿ ನೆಟ್ಟು ಬರದೆ, ಬೇರೆ ಬೇರೆ ಬನಗಳಿಂದ ತಂದ ಏಳೆಂಟನ್ನಾದರೂ ಒಟ್ಟಿಗೆ ನೆಡಬೇಕು.