ಅನುಮತಿ ಇಲ್ಲದ ವ್ಯಂಗ್ಯ ಪ್ರತಿಮೆಗಳು: ಒಂದು ಅಧ್ಯಯನ ಟಿಪ್ಪಣಿ

ಸಾರ್ವಜನಿಕ ಜಾಗ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ ಪಾಠ ಓದುತ್ತಿರುವ ಶಿವಮೊಗ್ಗದ ಗೆಳೆಯರಿಗೆ ಇದು. ಓದಿದ್ದು ತಲೆಯಲ್ಲಿ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಸಂವಿಧಾನದ 19(1)(ಎ) (ಅಭಿವ್ಯಕ್ತಿ ಸ್ವಾತಂತ್ರ್ಯ), 19(2) (ಅದರ ಮೇಲಿನ ನಿರ್ಬಂಧಗಳು) ವಿಧಿಗಳು ಎಲ್ಲರಿಗೂ ಬರುತ್ತವೆ, ಹಾಗಾಗಿ ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಉದಾಹರಣೆಗಳು

2016ರ ಆಗಸ್ಟ್ 18ರಂದು ಅಮೆರಿಕದ ಐದು ಕಡೆ ಒಂದೇ ದಿನ ಡೊನಾಲ್ಡ್ ಟ್ರಂಪ್ ಅವರ ಬೆತ್ತಲೆ ಪ್ರತಿಮೆಗಳು ಎದ್ದವು. ಇಂಡಿಕ್ಲೈನ್ ಎಂಬ ಗುಂಪಿನ ಕೆಲಸ. ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರ್‌ನಲ್ಲಿದ್ದದ್ದನ್ನು ಪಾರ್ಕ್ ಇಲಾಖೆ ಅದೇ ದಿನ ಕಿತ್ತು ಸಾಗಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟೆಲ್ ಅವೀವ್‌ನ ರಾಬಿನ್ ಚೌಕದಲ್ಲಿ ಇಸ್ರೇಲಿನ ಪ್ರಧಾನಿ ನೆತನ್ಯಾಹು ಅವರ ಚಿನ್ನದ ಬಣ್ಣದ ಪ್ರತಿಮೆ ನಿಂತಿತು. ಅದನ್ನು ಕೆಡವಿದ್ದು ಅಲ್ಲಿ ಸೇರಿದ್ದ ಜನರೇ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2015ರ ಏಪ್ರಿಲ್ 6ರ ನ್ಯೂಯಾರ್ಕಿನ ಬ್ರೂಕ್ಲಿನ್ ಪ್ರಸಂಗ. ಫೋರ್ಟ್ ಗ್ರೀನ್ ಪಾರ್ಕಿನಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಬ್ರಿಟಿಷರ ಸೆರೆ ಹಡಗುಗಳಲ್ಲಿ ಸತ್ತವರ ಸ್ಮಾರಕವಿದೆ. ಅದರ ಒಂದು ಕಂಬದ ಮೇಲೆ ಬೆಳಕು ಹರಿಯುವ ಮೊದಲೇ ಅಮೆರಿಕ ಸರ್ಕಾರದ ಗುಪ್ತ ಕಣ್ಗಾವಲನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಅವರ ಎದೆಮಟ್ಟದ ಮೂರ್ತಿ ಬಂದು ಕೂತಿತ್ತು. ಕಲಾವಿದರು ಕಾಮಗಾರಿಯವರ ಹಾಗೆ ಹೊಳೆಯುವ ಜಾಕೆಟ್ ಹಾಕಿಕೊಂಡಿದ್ದರು. ಮೂರ್ತಿಗೆ ಹಳೆ ಕಂಚಿನ ಬಣ್ಣ, ಕೆಳಗೆ ದಪ್ಪ ಅಕ್ಷರದಲ್ಲಿ ಹೆಸರು. ಮೊದಲಿಂದಲೂ ಅಲ್ಲೇ ಇತ್ತೇನೋ ಅನ್ನಿಸುವ ಹಾಗೆ ಕಂಬಕ್ಕೆ ಹೊಂದಿಕೊಂಡಿತ್ತು. ಅಧಿಕಾರಿಗಳು ಮೊದಲು ಟಾರ್ಪಾಲ್ ಮುಚ್ಚಿದರು, ಆಮೇಲೆ ತೆಗೆದರು. ಇದು ಗೌರವದ ಮೂರ್ತಿ, ವ್ಯಂಗ್ಯದ್ದಲ್ಲ. ಆದರೂ ಕೈಚಳಕ ಅದೇ ಆದ್ದರಿಂದ ಇಲ್ಲಿ ಸೇರಿಸಿದ್ದೇನೆ.

ಎಲ್ಲರೂ ಸಿಕ್ಕಿಬೀಳುವ ಜಾಗ

ಪಾರ್ಕಿನಲ್ಲಿ ನಿಂತು ಭಾಷಣ ಮಾಡಲು ಬಿಡುವ ಸರ್ಕಾರ, ಅದೇ ಮಾತನ್ನು ಪ್ರತಿಮೆ ಮಾಡಿ ಇಟ್ಟರೆ ಬೇಡ ಅನ್ನಬಹುದಾ? ಅನ್ನಬಹುದಾದರೆ ಏಕೆ? ಇಲ್ಲಿ ನಿಧಾನವಾಗಿ ಓದಿ, ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಅಮೆರಿಕದ ಯೂಟಾ ರಾಜ್ಯದ ಪ್ಲೆಸೆಂಟ್ ಗ್ರೋವ್ ಊರಿನ ಪಾರ್ಕಿನಲ್ಲಿ ಯಾರೋ ದಾನ ಕೊಟ್ಟ, ಬೈಬಲ್ಲಿನ 'ಹತ್ತು ಆಜ್ಞೆಗಳ' ಕಲ್ಲು ಇತ್ತು. ಸಮ್ಮಮ್ ಎಂಬ ಧಾರ್ಮಿಕ ಗುಂಪು ನಮ್ಮದೂ ಒಂದು ಕಲ್ಲು ಇಡಿ ಅಂತ ಕೇಳಿತು. ಊರಾಡಳಿತ ಒಪ್ಪಲಿಲ್ಲ. 2009ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಊರಾಡಳಿತದ ಪರ ಒಮ್ಮತದ ತೀರ್ಪು ಕೊಟ್ಟಿತು. ಅದರ ತರ್ಕ ಹೀಗೆ: ಪಾರ್ಕಿನಲ್ಲಿ ಶಾಶ್ವತವಾಗಿ ನಿಂತ ಸ್ಮಾರಕವನ್ನು ನೋಡಿದವರು ಅದನ್ನು ಸರ್ಕಾರವೇ ಆಡಿದ ಮಾತು ಅಂತ ತಿಳಿಯುತ್ತಾರೆ. ದುಡ್ಡು ಯಾರೇ ಕೊಟ್ಟಿರಲಿ, ಒಪ್ಪಿ ಇಟ್ಟುಕೊಂಡದ್ದು ಸರ್ಕಾರ. ತನ್ನ ಬಾಯಿಂದ ಏನು ಆಡಬೇಕು ಅನ್ನುವುದನ್ನು ಸರ್ಕಾರವೇ ಆರಿಸಿಕೊಳ್ಳಬಹುದು. ಭಾಷಣಕಾರ ಮಾತು ಮುಗಿಸಿ ಮನೆಗೆ ಹೋಗುತ್ತಾನೆ, ಕಲ್ಲು ಹೋಗುವುದಿಲ್ಲ.

ಈಗ ಇದನ್ನೇ ತಿರುಗಿಸಿ ನೋಡಿ. ಕಟ್ಟೆ, ಕಂಚಿನ ಬಣ್ಣ, ಫಲಕ ಇವೆಲ್ಲ ಸೇರಿದರೆ ಸರ್ಕಾರದ ದನಿ ಬರುತ್ತದೆ. ಅನುಮತಿ ಇಲ್ಲದೆ ಬಂದ ಪ್ರತಿಮೆ ಆ ದನಿಯನ್ನು ಕೆಲವು ಗಂಟೆ ಕಿತ್ತುಕೊಳ್ಳುತ್ತದೆ. ವ್ಯಂಗ್ಯ ಹುಟ್ಟುವುದು ಅಲ್ಲಿ. ಮುಖ ಎಷ್ಟು ವಿಕಾರವಾಗಿದೆ ಅನ್ನುವುದು ಆಮೇಲಿನ ಮಾತು.

ನಮ್ಮಲ್ಲಿ ಗೋಪಿ ಸರ್ಕಲ್ಲಿನಲ್ಲಿ ಸುಡುವ ಪ್ರತಿಕೃತಿಗೆ ಈ ಗುಣ ಇಲ್ಲ. ಹಳೆ ಪ್ಯಾಂಟು ಶರ್ಟಿಗೆ ಹುಲ್ಲು ತುಂಬಿ, ಮುಖಕ್ಕೆ ಫೋಟೊ ಅಂಟಿಸಿದ್ದನ್ನು ಪಾಲಿಕೆ ಇಟ್ಟದ್ದು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅದು ಪ್ರತಿಭಟನೆಯವರ ಸ್ವಂತ ಮಾತು. ಅದರ ಬಲ ಬೇರೆ.

ಅನುಮತಿ ಇದ್ದರೆ?

2024ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್‌ನಲ್ಲಿ ಕಂಚಿನ ಬಣ್ಣದ ಒಂದು ಮೇಜು ಬಂತು. ಮೇಜಿನ ಮೇಲೆ ಮಲದ ರಾಶಿ. 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದವರನ್ನು 'ಗೌರವಿಸುವ' ಫಲಕ. ಇದಕ್ಕೆ ತಾತ್ಕಾಲಿಕ ಪರವಾನಗಿ ಇತ್ತು. ತಾತ್ಕಾಲಿಕ ಅಂದಮೇಲೆ ಅದು ಪ್ರದರ್ಶನದ ಲೆಕ್ಕ, ಭಾಷಣದ ಪಕ್ಕದ ಸಾಲು. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಮತ್ತು ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್ ಕೈ ಹಿಡಿದು ಕುಣಿಯುವ ಪ್ರತಿಮೆಗೂ ಪರವಾನಗಿ ಇತ್ತು. ಆದರೂ ಪರವಾನಗಿಯ ಷರತ್ತು ಮೀರಿದೆ ಅಂತ ಮರುದಿನವೇ ತೆಗೆದರು. ಅಕ್ಟೋಬರ್‌ನಲ್ಲಿ ಅದು ಮತ್ತೆ ಬಂತು. ಹಾಗಾಗಿ 'ವ್ಯಂಗ್ಯ ಪ್ರತಿಮೆ ಎಂದರೆ ಕಾನೂನುಬಾಹಿರ' ಅಂತ ಉತ್ತರದಲ್ಲಿ ಬರೆಯಬೇಡಿ. ಅನುಮತಿ ಇದ್ದದ್ದು, ಇಲ್ಲದ್ದು ಎರಡನ್ನೂ ಬಿಡಿಸಿ ಬರೆಯಿರಿ.

ನಮ್ಮ ಕಾನೂನು

ಭಾರತದಲ್ಲಿ ದಾರಿ ಚಿಕ್ಕದು. ರಸ್ತೆ, ಫುಟ್‌ಪಾತ್, ಸಾರ್ವಜನಿಕ ಉಪಯೋಗದ ಜಾಗಗಳಲ್ಲಿ ಪ್ರತಿಮೆಗೆ ರಾಜ್ಯಗಳು ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಆದೇಶಿಸಿದೆ. ಗೌರವದ್ದೋ ಗೇಲಿಯದ್ದೋ, ಎರಡಕ್ಕೂ ಒಂದೇ.

ಆದರೆ ಬೀದಿಯಲ್ಲಿ ಎರಡೂ ಒಂದೇ ಅಲ್ಲ. 2020ರ ಆಗಸ್ಟ್‌ನಲ್ಲಿ ಬೆಳಗಾವಿಯ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ರಾತ್ರೋರಾತ್ರಿ ನಿಂತಿತು. ಗಲಾಟೆಯಾಯಿತು, ಮಾತುಕತೆಯಾಯಿತು, ಪ್ರತಿಮೆ ಉಳಿಯಿತು. ನ್ಯೂಯಾರ್ಕಿನ ಪ್ರಸಿದ್ಧ ಕಂಚಿನ ಗೂಳಿಯೂ 1989ರಲ್ಲಿ ಹೇಳದೆ ಕೇಳದೆ ಬಂದದ್ದೇ. ಜನ ಇಷ್ಟಪಟ್ಟರು, ಜಾಗ ಬದಲಾಗಿ ಉಳಿಯಿತು. ಭಕ್ತಿಯೋ ಪ್ರೀತಿಯೋ ಇದ್ದರೆ ಕಾಯಲು ಜನ ನಿಲ್ಲುತ್ತಾರೆ. ವ್ಯಂಗ್ಯಕ್ಕೆ ಕಾವಲು ನಿಲ್ಲುವವರು ಕಡಿಮೆ. ಈ ವ್ಯತ್ಯಾಸ ನನಗೆ ಬೇಸರ ತರಿಸುತ್ತದೆ, ಏಕೆಂದರೆ ಅಧಿಕಾರದಲ್ಲಿದ್ದವರನ್ನು ಪ್ರಶ್ನಿಸುವ ಪ್ರತಿಮೆಗೇ ರಕ್ಷಣೆ ಜಾಸ್ತಿ ಬೇಕು.

ಕಲಾವಿದ ಬಾದಲ್ ನಂಜುಂಡಸ್ವಾಮಿ ಹಿಡಿದ ದಾರಿ ಇಲ್ಲಿ ಓದಲೇಬೇಕಾದದ್ದು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದಲ್ಲಿ ನೀರು ತುಂಬಿದ ದೊಡ್ಡ ರಸ್ತೆ ಗುಂಡಿಗೆ ಅವರು ನಿಜದಷ್ಟೇ ದೊಡ್ಡ ಫೈಬರ್ ಮೊಸಳೆ ಇಟ್ಟರು. ಯಾರ ಮುಖವೂ ಇಲ್ಲ, ಕಟ್ಟೆಯೂ ಇಲ್ಲ. ಗುಂಡಿಯೇ ಆಡಳಿತ ಕೊಟ್ಟ ಪೀಠ. ಗುಂಡಿ ಮುಚ್ಚಿತು.

ಅಭ್ಯಾಸಕ್ಕೆ ಒಂದು ಪ್ರಶ್ನೆ

ನೆಹರೂ ರಸ್ತೆಯಲ್ಲಿ ಬೆಳಗ್ಗೆ ಒಬ್ಬ ಸಚಿವರ ಗೇಲಿ ಪ್ರತಿಮೆ ಕಂಡಿತು ಅಂದುಕೊಳ್ಳಿ. ಪಾಲಿಕೆ ತೆಗೆಯಲು 2013ರ ಆದೇಶವೇ ಸಾಕು, ಪ್ರತಿಮೆ ಏನು ಹೇಳುತ್ತಿದೆ ಅಂತ ನೋಡಬೇಕಾಗಿಯೇ ಇಲ್ಲ. ಇಟ್ಟವರ ಮೇಲೆ ಕೇಸು ಹಾಕಬೇಕು ಅಂದಾಗ ಮಾತ್ರ ಅರ್ಥದ ಪ್ರಶ್ನೆ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಮಾನನಷ್ಟಕ್ಕೆ ಮಾತು, ಬರಹದ ಜೊತೆ ಕಣ್ಣಿಗೆ ಕಾಣುವ ಚಿತ್ರಣವನ್ನೂ ಸೇರಿಸುತ್ತದೆ. ಪ್ರತಿಮೆ ಅದರೊಳಗೆ ಬರುತ್ತದೆ. ಸಾರ್ವಜನಿಕ ಕೆಲಸದಲ್ಲಿ ಸಚಿವರ ನಡತೆ ಬಗ್ಗೆ ಸದುದ್ದೇಶದ ಅಭಿಪ್ರಾಯಕ್ಕೆ ಅದೇ ಕಲಮಿನಲ್ಲಿ ವಿನಾಯಿತಿಯೂ ಇದೆ. ತೆಗೆದದ್ದಕ್ಕೆ ಒಂದು ಪ್ಯಾರಾ, ಕೇಸಿಗೆ ಇನ್ನೊಂದು ಪ್ಯಾರಾ ಬರೆಯಿರಿ.